ಲೇಬಲ್ ಬೇರೆ, ಬಟ್ಟೆ ಒಂದೇ: ಮಂಡಿನೋವಿನ ಗುಳಿಗೆ ಕಲಿಸಿದ್ದು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋಕೆ ಕೂತು ನನಗೆ ಇಪ್ಪತ್ತೆಂಟು ವರ್ಷ. ನಮ್ಮ ಮಷಿನ್‌ಗಳಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಇರುತ್ತದಲ್ಲ, ಅದನ್ನು ಎತ್ತೋದು ಬಲಮಂಡಿಯಿಂದ. ಮೇಜಿನ ಕೆಳಗೆ ಒಂದು ತಟ್ಟೆ ಇರುತ್ತದೆ. ಮಂಡಿಯಿಂದ ಪಕ್ಕಕ್ಕೆ ನೂಕಿದರೆ ಪಾದ ಮೇಲೇಳುತ್ತದೆ. ಜೇಬಿನ ಮೂಲೆ ತಿರುಗಿಸಬೇಕಾ, ಒಂದು ನೂಕು. ಸೊಂಟಪಟ್ಟಿ ಕೂರಿಸಬೇಕಾ, ಇನ್ನೊಂದು ನೂಕು. ಐವತ್ನಾಲ್ಕನೇ ವಯಸ್ಸಿಗೆ ಬಲಮಂಡಿಯೇ ಮೊದಲು ಕೈಕೊಟ್ಟಿತು. ಮಷಿನ್‌ನಿಂದಲೇ ಆಯಿತು ಅಂತ ಡಾಕ್ಟರ್ ಹೇಳಲಿಲ್ಲ, ಅದು ನನ್ನ ಲೆಕ್ಕಾಚಾರ ಅಷ್ಟೇ. ಎಕ್ಸ್‌ರೇ ನೋಡಿ ಅವರು ಹೇಳಿದ್ದು, ಕೀಲಿನ ಒಳಗಿನ ಮೆತ್ತನೆಯ ಪದರ ಸವೆದಿದೆ ಅಂತ.

ಆಗ ಐದು ದಿನಕ್ಕೆ ಒಂದು ಗುಳಿಗೆ ಬರೆದುಕೊಟ್ಟರು. ಊಟ ಆದಮೇಲೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಎರಡನೇ ದಿನಕ್ಕೇ ಮೆಟ್ಟಿಲು ಹತ್ತಿದೆ. ಆರನೇ ದಿನ ನೋವು ವಾಪಸ್ ಬಂತು. ನಾನೇನು ಮಾಡಿದೆ? ಖಾಲಿ ಸ್ಟ್ರಿಪ್ ತಗೊಂಡು ಮೆಡಿಕಲ್ ಶಾಪಿಗೆ ಹೋದೆ, ತೋರಿಸಿದೆ, ಕೊಟ್ಟರು. ಹೀಗೆ ಐದು ದಿನದ ಗುಳಿಗೆಯನ್ನು ನಾಲ್ಕು ತಿಂಗಳು ನುಂಗಿದೆ. ಆ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇತ್ತು. ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಇಲ್ಲದೆ ಕೊಡುವಂತಿಲ್ಲ. ಅದು ಚೆಂದಕ್ಕೆ ಹಾಕಿದ ಡಿಸೈನು ಅಂದುಕೊಂಡಿದ್ದೆ ನಾನು!

ಆಮೇಲೆ ಏಪ್ರಿಲ್ ಬಂತು. ಬಳ್ಳಾರಿಯ ಏಪ್ರಿಲ್ ಗೊತ್ತಲ್ಲ, ತಗಡಿನ ಶೀಟಿನ ಕೆಳಗೆ ಕೂತವರಿಗೆ ಇನ್ನೂ ಚೆನ್ನಾಗಿ ಗೊತ್ತು. ಆರ್ಡರ್ ಜಾಸ್ತಿ ಇತ್ತು. ಎದ್ದು ಬಾತ್‌ರೂಮಿಗೆ ಹೋಗೋದು ತಪ್ಪಲಿ ಅಂತ ನೀರು ಕಡಿಮೆ ಕುಡಿಯುತ್ತಿದ್ದೆ. ಹೆಣ್ಣುಮಕ್ಕಳು ತುಂಬ ಜನ ಹೀಗೇ ಮಾಡುತ್ತೇವೆ. ಅದರ ನಡುವೆ ಮೈಕೈ ನೋವು, ಜ್ವರ. ಅಂಗಡಿ ಹುಡುಗ, "ಅಕ್ಕ, ಇದು ಬ್ಯಾರೆ ಗುಳಿಗಿ, ಸ್ವಲ್ಪ ಸ್ಟ್ರಾಂಗ್ ಐತಿ" ಅಂತ ಇನ್ನೊಂದು ಕೊಟ್ಟ. ಜ್ವರಕ್ಕೆ ಅಂತ 650ರದ್ದು ಮನೆಯಲ್ಲೇ ಇತ್ತು. ಮೂರು ಹೆಸರು, ಮೂರು ಬಣ್ಣ. ಒಂದಕ್ಕೊಂದು ಸಂಬಂಧ ಇಲ್ಲ ಅಂದುಕೊಂಡು ಮೂರನ್ನೂ ತಗೊಂಡೆ.

ನಾಲ್ಕನೇ ದಿನ ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ. ಮೂತ್ರ ತೀರಾ ಕಡಿಮೆ ಆಯಿತು. ಬಿಪಿ ನೋಡಿಸಿದರೆ 170/100. ನಾನು ಬಿಪಿ ಗುಳಿಗೆ ಒಂದು ದಿನವೂ ತಪ್ಪಿಸಿದವಳಲ್ಲ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಅಂಶ, 1.7 ಬಂತು. ಮೊದಲು 0.9 ಇತ್ತು.

"ಮನೇಲಿರೋ ಗುಳಿಗೆ ಎಲ್ಲಾ ಚೀಲಕ್ಕೆ ಹಾಕ್ಕೊಂಡು ಬನ್ನಿ ಅಮ್ಮಾ" ಅಂದರು ಡಾಕ್ಟರ್. ತಗೊಂಡು ಹೋಗಿ ಮೇಜಿನ ಮೇಲೆ ಸುರಿದೆ. ಅವರು ಒಂದೂ ಮಾತಾಡದೆ ಸ್ಟ್ರಿಪ್‌ಗಳನ್ನು ಮಗುಚಿ ಸಾಲಾಗಿ ಇಟ್ಟರು. ದೊಡ್ಡಕ್ಷರದ ಹೆಸರು ಬಿಟ್ಟು ಸಣ್ಣಕ್ಷರದ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ಮೊದಲನೆಯದು ಅಸೆಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325. ಎರಡನೆಯದು ಡೈಕ್ಲೋಫೆನಾಕ್ 50, ಪ್ಯಾರಾಸಿಟಮಾಲ್ 325. ಮೂರನೆಯದು ಬರೀ ಪ್ಯಾರಾಸಿಟಮಾಲ್ 650.

ನನಗೆ ತಟ್ಟನೆ ಹೊಳೆದದ್ದು ನಮ್ಮ ಯೂನಿಟ್ಟು. ಒಂದೇ ಥಾನಿನ ಬಟ್ಟೆ, ಒಂದೇ ಕಟಿಂಗ್. ಒಬ್ಬ ಪಾರ್ಟಿಗೆ ಒಂದು ಲೇಬಲ್, ಇನ್ನೊಬ್ಬರಿಗೆ ಇನ್ನೊಂದು. ಹೊಲಿಯುವವಳು ನಾನೇ. ಜೀವನವಿಡೀ ಲೇಬಲ್ ಹೊಲಿದವಳು ಗುಳಿಗೆಯ ಲೇಬಲ್ ನೋಡಿ ಮೋಸ ಹೋಗಿದ್ದೆ.

ಲೆಕ್ಕ ಹಾಕಿದರು. ಎರಡು ಸಂಯುಕ್ತ ಗುಳಿಗೆ, ಅಂದರೆ ಒಂದರಲ್ಲೇ ಎರಡು ಔಷಧಿ ಸೇರಿದವು, ದಿನಕ್ಕೆ ಎರಡೆರಡು, 650ರದ್ದು ಮೂರು. ಪ್ಯಾರಾಸಿಟಮಾಲ್ ಒಂದೇ 3,250 ಮಿಲಿಗ್ರಾಂ ಆಯಿತು. ಗಟ್ಟಿಮುಟ್ಟಾದ ದೊಡ್ಡವರಿಗೆ ದಿನಕ್ಕೆ 4,000 ಕೊನೆಯ ಗಡಿ. ವಯಸ್ಸಾದವರು, ಮೈತೂಕ ಕಡಿಮೆ ಇರುವವರು, ಲಿವರ್ ತೊಂದರೆ ಇರುವವರು, ಕುಡಿಯುವವರು ಅದಕ್ಕಿಂತ ಎಷ್ಟೋ ಕೆಳಗೆ ನಿಲ್ಲಬೇಕು. ಆದರೆ ನನಗೆ ಪೆಟ್ಟು ಕೊಟ್ಟಿದ್ದು ಪ್ಯಾರಾಸಿಟಮಾಲ್ ಅಲ್ಲ, ಆ ಎರಡು ಕ್ಲೋಫೆನಾಕ್‌ಗಳು. ಅಸೆ, ಡೈ ಅಂತ ತಲೆ ಬೇರೆ, ಬಾಲ ಒಂದೇ. ಒಂದೇ ಮನೆತನದವು. ಎರಡನ್ನೂ ಒಟ್ಟಿಗೆ ತಗೊಂಡರೆ ನೋವು ಎರಡರಷ್ಟು ಕಡಿಮೆ ಆಗೋದಿಲ್ಲ, ಹೊಟ್ಟೆಗೆ, ಕಿಡ್ನಿಗೆ ಅಪಾಯ ಮಾತ್ರ ಏರುತ್ತದೆ.

ಕಿಡ್ನಿಯ ವಿಷಯ ಅವರು ಬಿಡಿಸಿ ಹೇಳಿದರು. ಈ ಮನೆತನದ ಗುಳಿಗೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತವೆ. ಅದಕ್ಕೇ ಪಾದ ಊದಿದ್ದು, ಬಿಪಿ ಏರಿದ್ದು. ನನ್ನ ಬಿಪಿ ಗುಳಿಗೆಯಲ್ಲಿ ಟೆಲ್ಮಿಸಾರ್ಟನ್ ಜೊತೆಗೆ ನೀರು ಹೊರಗೆ ಹಾಕುವ ಔಷಧಿಯೂ ಇತ್ತು. ಆ ಎರಡು ಮತ್ತು ನೋವಿನ ಗುಳಿಗೆ, ಮೂರೂ ಸೇರಿದರೆ ಕಿಡ್ನಿ ಸೋಲಬಹುದು. ಮೇಲಿಂದ ಬೆವರು, ಕುಡಿಯದ ನೀರು. ಬಿಪಿ ಗುಳಿಗೆಯೂ ಸಂಯುಕ್ತವೇ ಇರಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ನೋವಿನ ಗುಳಿಗೆ ಎಲ್ಲಾ ನಿಲ್ಲಿಸಿದರು, ಬಿಪಿಯದ್ದು ಬದಲಿಸಿದರು. ಆರು ವಾರಕ್ಕೆ ಕ್ರಿಯಾಟಿನಿನ್ 1.0ಕ್ಕೆ ಇಳಿಯಿತು. ಬೇಗ ಹೋದದ್ದಕ್ಕೆ ಬಚಾವಾದೆ.

ಈಗ ಮೂರು ವರ್ಷ ಆಯಿತು. ನೋವು ಇದೆ, ಹೋಗಿಲ್ಲ. ದಿನಾ ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚುತ್ತೇನೆ. ಹಚ್ಚಿದ ಔಷಧಿ ರಕ್ತಕ್ಕೆ ಹೋಗೋದು ಬಹಳ ಕಡಿಮೆ. ಆದರೂ ಅದೇ ಮನೆತನ, ಹಾಗಾಗಿ ಅದನ್ನೂ ಕೇಳಿಯೇ ಶುರು ಮಾಡಿದೆ. ಜಾಸ್ತಿ ನೋವಿದ್ದ ದಿನ ಬರೀ ಪ್ಯಾರಾಸಿಟಮಾಲ್. ಸಂಯುಕ್ತ ಗುಳಿಗೆ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಎರಡು ಔಷಧಿ ಎರಡು ದಾರಿಯಿಂದ ನೋವು ಹಿಡಿಯುತ್ತವೆ, ಕೆಲವರಿಗೆ ಕೆಲವು ದಿನಕ್ಕೆ ಅದು ಬೇಕಾಗುತ್ತದೆ. ತೊಂದರೆ ಏನಂದರೆ, ಒಂದನ್ನು ಕಡಿಮೆ ಮಾಡಿ ಇನ್ನೊಂದನ್ನು ಇಟ್ಟುಕೊಳ್ಳೋಕೆ ಆಗೋದಿಲ್ಲ. ರೆಡಿಮೇಡ್ ಪ್ಯಾಂಟಿನ ಹಾಗೆ, ಸೊಂಟ ಸರಿ ಆದರೆ ಉದ್ದ ಜಾಸ್ತಿ. ನನಗೆ ಡಾಕ್ಟರ್ ವರ್ಷದಲ್ಲಿ ಎರಡು ಸಲ, ಮೂರು ಮೂರು ದಿನಕ್ಕೆ ಬರೆದುಕೊಟ್ಟಿದ್ದಾರೆ. ಎರಡೂ ಚಳಿಗಾಲದಲ್ಲೇ. ಮೂರು ದಿನ ಆದಮೇಲೆ ಗುಳಿಗೆ ಉಳಿದರೆ ಹಾಗೇ ಇರಲಿ. ವಾಂತಿ, ಭೇದಿ, ಉಪವಾಸ ಇದ್ದ ದಿನ ಮುಟ್ಟೋದಿಲ್ಲ.

ಗುಳಿಗೆಯ ಹೆಸರಿನ ಕೊನೆಯ ಅಕ್ಷರವನ್ನೂ ನೋಡುತ್ತೇನೆ. ಪಿ ಅಂದರೆ ಪ್ಯಾರಾಸಿಟಮಾಲ್ ಸೇರಿದೆ ಅಂತ. ಎಸ್‌ಪಿ ಅಂತಿದ್ದರೆ ಊತಕ್ಕೆ ಅಂತ ಸೆರಾಷಿಯೋಪೆಪ್ಟಿಡೇಸ್ ಅನ್ನೋದೂ ಇರುತ್ತದೆ. ಅದರಿಂದ ಲಾಭ ಅಷ್ಟಕ್ಕಷ್ಟೇ, ಬೆಲೆ ಮಾತ್ರ ಏರುತ್ತದೆ. ಎಂಆರ್ ಅಂತಿದ್ದರೆ ಸಾಮಾನ್ಯವಾಗಿ ಸ್ನಾಯು ಸಡಿಲಿಸುವ ಔಷಧಿ ಇರುತ್ತದೆ, ಕೆಲವರಿಗೆ ತೂಕಡಿಕೆ ಬರುತ್ತದೆ. ಓಡುವ ಸೂಜಿಯ ಮುಂದೆ ಕೂರುವವರಿಗೆ ಅದು ಬೇಡ. ಅಕ್ಷರ ನಂಬಿ ಸುಮ್ನಾಗೋದಿಲ್ಲ, ಕೆಳಗಿನ ಸಣ್ಣಕ್ಷರವನ್ನೂ ಓದಿಸುತ್ತೇನೆ.

ಗ್ಯಾಸ್ ಗುಳಿಗೆ ಜೊತೆಗೆ ತಗೊಂಡರೆ ಏನೂ ಆಗೋದಿಲ್ಲ ಅನ್ನುವವರು ನಮ್ಮ ಬೀದಿಯಲ್ಲೇ ಹತ್ತು ಜನ ಇದ್ದಾರೆ. ಅದು ಕಾಯೋದು ಹೊಟ್ಟೆಯನ್ನು, ಕಿಡ್ನಿಯನ್ನಲ್ಲ. ಹೊಟ್ಟೆಗೂ ಪೂರಾ ಗ್ಯಾರಂಟಿ ಇಲ್ಲ. ಮಲ ಡಾಂಬರಿನ ಹಾಗೆ ಕಪ್ಪಾದರೆ ಒಳಗೆ ರಕ್ತ ಹೋಗುತ್ತಿರಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ. ನಮ್ಮ ಯಜಮಾನರು ಹೃದಯಕ್ಕೆ 75ರ ಆಸ್ಪಿರಿನ್ ತಗೋತಾರೆ. ಅವರಿಗೆ ಈ ರಿಸ್ಕ್ ಇನ್ನೂ ಜಾಸ್ತಿ, ಹಾಗಾಗಿ ನನ್ನ ಡಬ್ಬಿ ಅವರ ಕೈಗೆ ಸಿಗದ ಜಾಗದಲ್ಲಿದೆ.

ಗುಳಿಗೆಗಿಂತ ಹೆಚ್ಚು ದಿನ ಬಾಳಿದ್ದು ತೊಡೆಯ ವ್ಯಾಯಾಮ. ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ ಹತ್ತು ಎಣಿಸೋದು, ಇಳಿಸೋದು. ಐದು ಕಿಲೋ ತೂಕವೂ ಇಳಿಸಿದೆ. ಒಂದು ಕಿಲೋ ಇಳಿದರೆ ಹೆಜ್ಜೆ ಇಡುವಾಗ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಂತೆ. ಆರ್ಡರ್ ಜಾಸ್ತಿ ಇದ್ದಾಗ ವ್ಯಾಯಾಮ ತಪ್ಪುತ್ತದೆ, ಸುಳ್ಳು ಯಾಕೆ ಹೇಳಲಿ.

ಮೊನ್ನೆ ದಾರ ಕತ್ತರಿಸುವ ಹುಡುಗಿ ಒಬ್ಬಳು ನಾಲ್ಕು ಗುಳಿಗೆ ಹಿಡಿದು ಬಂದಳು. "ಅಕ್ಕ, ನಮ್ಮಮ್ಮಗ ಕೊಟ್ಟಾರ, ನಿಮ್ಮದೂ ಇದೇ ಅಲ್ವಾ?" ಸ್ಟ್ರಿಪ್ ಕತ್ತರಿಸಿ ಕೊಟ್ಟಿದ್ದರು, ಹೆಸರು ಅಂಗಡಿಯಲ್ಲೇ ಉಳಿದಿತ್ತು. ಕನ್ನಡಕ ಹಾಕಿ ನೋಡಿದೆ. ಬೆಳ್ಳಿ ಹಾಳೆಯ ಅಂಚಿನಲ್ಲಿ ಉಳಿದಿದ್ದು "ಕ್ಲೋಫೆನಾಕ್" ಅಷ್ಟೇ. ಅಮ್ಮನಿಗೆ ಬಿಪಿ ಇದೆಯಾ ಅಂತ ಕೇಳಿದೆ, ಇದೆ ಅಂದಳು. ಪೂರ್ತಿ ಹೆಸರು ಬರೆಸಿಕೊಂಡು, ಬಿಪಿ ಗುಳಿಗೆಯನ್ನೂ ಜೊತೆಗಿಟ್ಟುಕೊಂಡು ಡಾಕ್ಟರ್‌ಗೆ ತೋರಿಸು ಅಂತ ಹೇಳಿ, ಅರ್ಧ ದಿನ ರಜೆ ಕೊಟ್ಟು ಕಳಿಸಿದೆ.