ಹೊಟ್ಟೆನೋವಿನವರನ್ನು ಕ್ಯಾಶುವಾಲ್ಟಿಗೆ ಕರೆತರುವ ಮುಂಚೆ

ನಾನು ಸರ್ಕಾರಿ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನರ್ಸ್. ರಾತ್ರಿ ಹೊಟ್ಟೆನೋವು ಅಂತ ಬರುವವರು ಸುಮ್ನೆ ಬರಲ್ಲ. ಸೋಡಾ ಕುಡಿದಾಗಿರುತ್ತದೆ, ಜೀರಿಗೆ ಕಷಾಯ ಆಗಿರುತ್ತದೆ, ಮೆಡಿಕಲ್ ಶಾಪಿನ ನೋವಿನ ಮಾತ್ರೆಯೂ ಒಳಗೆ ಹೋಗಿರುತ್ತದೆ. ಕೆಲವರ ಹೊಟ್ಟೆ ಮೇಲೆ ಉಜ್ಜಿದ ಎಣ್ಣೆ ಇನ್ನೂ ಒಣಗಿರುವುದಿಲ್ಲ.

ಎಲ್ಲ ಹೊಟ್ಟೆನೋವಿಗೂ ಓಡಿ ಬರಬೇಕಿಲ್ಲ. ಆದರೆ ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದರೆ ಅಪೆಂಡಿಕ್ಸ್ ಇರಬಹುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗ್ಯಾಸೂ ಹೋಗುತ್ತಿಲ್ಲ ಅಂದರೆ ಕರುಳು ಕಟ್ಟಿಕೊಂಡಿರಬಹುದು. ಮುಟ್ಟು ತಪ್ಪಿದವರಿಗೆ ಕೆಳಹೊಟ್ಟೆ ನೋವು, ತಲೆಸುತ್ತು ಬಂದರೆ ಗರ್ಭವು ಗರ್ಭಕೋಶದ ಬದಲು ನಳಿಕೆಯಲ್ಲಿ ಕೂತಿರಬಹುದು. ಮದುವೆ ಆಗಿಲ್ಲ ಅಂತ ಅದನ್ನು ಮುಚ್ಚಿಡಬೇಡಿ. ಶುಗರ್ ಇರುವವರ, ವಯಸ್ಸಾದವರ ಮೇಲ್ಹೊಟ್ಟೆ ನೋವು ಹಾರ್ಟಿನದೂ ಆಗಿರಬಹುದು. ಅದಕ್ಕೇ ಇಸಿಜಿ ತೆಗೆಯುವುದು.

ನನಗೆ ಜಾಸ್ತಿ ಭಯ ಅಲುಗಾಡದೆ ಮಲಗಿದವರನ್ನು ಕಂಡರೆ. ಕಿಡ್ನಿ ಕಲ್ಲಿನವರು ಹೊರಳಾಡುತ್ತಾರೆ, ಕೂಗುತ್ತಾರೆ. ಜಠರದ ಹುಣ್ಣು ತೂತಾದವರು ಉಸಿರನ್ನೂ ಮೆಲ್ಲಗೆ ಎಳೆಯುತ್ತಾರೆ. ಸ್ಟ್ರೆಚರ್ ಸ್ವಲ್ಪ ಕುಲುಕಿದರೂ ಮುಖ ಕಿವುಚುತ್ತದೆ. ಹೊಟ್ಟೆ ಮುಟ್ಟಿದರೆ ಹಲಗೆ. ಕೂರಿಸಿ ತೆಗೆದ ಎದೆ ಎಕ್ಸ್‌ರೇಯಲ್ಲಿ ವಪೆಯ (ಎದೆ, ಹೊಟ್ಟೆಯನ್ನು ಬೇರ್ಪಡಿಸುವ ಸ್ನಾಯುವಿನ ಪರದೆ) ಕೆಳಗೆ ಗಾಳಿಯ ಕಪ್ಪು ಗೆರೆ ಕಂಡರೆ ತಕ್ಷಣ ಸರ್ಜನ್‌ಗೆ ಫೋನ್. ಡೆನ್ಮಾರ್ಕಿನ ಇಂಥ ಹುಣ್ಣು ತೂತಾದ 2,668 ರೋಗಿಗಳ ಲೆಕ್ಕ 2013ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗೆ ಬಂದ ಮೇಲೆ ಆಪರೇಷನ್ ಒಂದೊಂದು ಗಂಟೆ ತಡವಾದಂತೆ ಬದುಕುವ ಸಾಧ್ಯತೆ 2.4% ಇಳಿಯುತ್ತಿತ್ತು. ಮನೆಯಲ್ಲಿ ಕಳೆದ ಗಂಟೆಗಳು ಇದರಲ್ಲಿ ಸೇರಿಲ್ಲ.

ಹಾಗಾಗಿ ಹೊರಡುವಾಗ ಬಾಯಿಗೆ ಏನೂ ಕೊಡಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಟ್ಟಾಗ ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಕೊನೆಗೆ ತಿಂದದ್ದು ಎಷ್ಟು ಗಂಟೆಗೆ, ನೋವು ಎಲ್ಲಿ ಶುರುವಾಯಿತು, ಇಷ್ಟು ಬರೆದುಕೊಳ್ಳಿ. ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ ತನ್ನಿ. ನೋವಿನ ಮಾತ್ರೆ ಅಲ್ಸರ್ ಇದ್ದವರಿಗೆ ಕೆಟ್ಟದ್ದು. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯವಂತೂ ಕೇಳುವ ಮೊದಲೇ ಹೇಳಿ.

ನೋವಿಗೆ ಇಂಜೆಕ್ಷನ್ ಕೊಟ್ಟರೆ ಕಾಯಿಲೆ ಗೊತ್ತಾಗಲ್ಲ ಅನ್ನುವುದು ಹಳೇ ಮಾತು, ಧೈರ್ಯವಾಗಿ ಕೇಳಿ. ಅಪೆಂಡಿಕ್ಸ್‌ಗೆ ಬರೀ ಆ್ಯಂಟಿಬಯೋಟಿಕ್ ಸಾಲಲ್ವಾ ಅಂತಲೂ ಕೇಳುತ್ತಾರೆ. ಕೆಲವರಿಗೆ ಸಾಕು. 2020ರ ಅಮೆರಿಕದ ಪರೀಕ್ಷೆಯಲ್ಲಿ ಆ್ಯಂಟಿಬಯೋಟಿಕ್ ಪಡೆದ ಹತ್ತರಲ್ಲಿ ಸುಮಾರು ಮೂವರಿಗೆ ಮೂರು ತಿಂಗಳೊಳಗೆ ಆಪರೇಷನ್ ಆಗಿತ್ತು.

108ಕ್ಕೆ ಕರೆ ಮಾಡಿದಾಗಲೇ ರಾತ್ರಿ ಸರ್ಜನ್, ಅರಿವಳಿಕೆ ಡಾಕ್ಟರ್ ಇಬ್ಬರೂ ಇರುವ ಆಸ್ಪತ್ರೆ ಯಾವುದು ಅಂತ ವಿಚಾರಿಸಿ. ಬಿಪಿಎಲ್ ಕಾರ್ಡ್, ಆಧಾರ್ ಇದ್ದರೆ ಆಯುಷ್ಮಾನ್ ಯೋಜನೆಗೆ ಬೇಕಾಗುತ್ತದೆ. ಹುಡುಕುತ್ತಾ ಕೂರಬೇಡಿ, ಮನೆಯವರು ಯಾರಾದರೂ ಹಿಂದೆ ತರಲಿ.