ಗದ್ದವಿಲ್ಲದ ದವಡೆಯನ್ನು ಓದುವ ಬಗೆ

ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಆಮ್ಲೀಯವಾದದ್ದು, ಜೊತೆಗೆ ಇಲ್ಲಿನ ಮಳೆ ಬೇರೆ. ಹೂತ ಮೂಳೆ ಹೆಚ್ಚು ಕಾಲ ಉಳಿಯದ ಇಂಥ ನೆಲದಲ್ಲಿ, ಈಗ ಅಳಿದುಹೋಗಿರುವ, ನಮ್ಮ ಹತ್ತಿರದ ಬಂಧುಗಳಾದ ನಿಯಾಂಡರ್ತಾಲ್ ಮಾನವರ ದವಡೆಯನ್ನು ಓದಲು ಕಲಿಯಬೇಕೆನ್ನುವ ಶಿವಮೊಗ್ಗದ ವಿದ್ಯಾರ್ಥಿಗೆ ಪ್ಲಾಸ್ಟರ್ ಅಚ್ಚು ಅಥವಾ ಒಳ್ಳೆಯ ಚಿತ್ರಗಳೇ ಗತಿ. ಹೋಲಿಕೆಗೆ ನಿಮ್ಮದೇ ದವಡೆ ಸಾಕು.

ಮೊದಲು ಕೆಳತುಟಿಯ ಕೆಳಗೆ ಹೆಬ್ಬೆರಳೊತ್ತಿ ಕೆಳಕ್ಕೆ ಸರಿಸಿರಿ. ಒಂದು ತಗ್ಗು, ಅದರಾಚೆ ಮುಂದಕ್ಕೆ ಚಾಚಿದ ಎಲುಬು ಸಿಗುತ್ತದೆ, ಅದೇ ಗದ್ದ. ನಿಯಾಂಡರ್ತಾಲರಲ್ಲಿ ಈ ಚಾಚು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಇಷ್ಟಕ್ಕೇ ತೀರ್ಮಾನಿಸಬಾರದು: 1907ರಲ್ಲಿ ಜರ್ಮನಿಯ ಮಾವರ್‌ನಲ್ಲಿ ಸಿಕ್ಕ, ಸುಮಾರು ಆರು ಲಕ್ಷ ವರ್ಷ ಹಳೆಯ, ನಿಯಾಂಡರ್ತಾಲರಿಗೂ ಹಿಂದಿನ ಮಾನವರ ದವಡೆಗೂ ಗದ್ದವಿಲ್ಲ. ಗದ್ದವಿಲ್ಲದಿರುವುದು ಪೂರ್ವಿಕರಿಂದ ಬಂದದ್ದು. ನಿಯಾಂಡರ್ತಾಲರು ಹೊಸದಾಗಿ ಪಡೆದದ್ದೇನೆಂದು ಹುಡುಕಬೇಕು.

ಅದಕ್ಕಾಗಿ ಅಚ್ಚನ್ನು ಹಲ್ಲಿನ ಸಾಲು ಮೇಜಿಗೆ ಸಮನಾಗುವಂತೆ ಇಟ್ಟು, ನೇರ ಪಕ್ಕದಿಂದ ನೋಡಿರಿ. ಓರೆಯಾಗಿ ನೋಡಿದರೆ ಕಣ್ಣು ಮೋಸಹೋಗುತ್ತದೆ. ಕವಳ ಹಾಕುವವರಿಗೆ ಬುದ್ಧಿಹಲ್ಲಿನ ಹಿಂದೆ ಅಡಿಕೆಯ ಚೂರು ಸಿಕ್ಕಿಕೊಂಡರೆ ನಾಲಗೆಗೂ ಎಟುಕದೆಂಬುದು ಗೊತ್ತು, ಏಕೆಂದರೆ ನಮ್ಮಲ್ಲಿ ಆ ಹಲ್ಲು ದವಡೆಯ ಏರುಭಾಗಕ್ಕೆ, ಎಂದರೆ ಹಿಂದೆ ಕಿವಿಯತ್ತ ಮೇಲಕ್ಕೇರುವ ಎಲುಬಿಗೆ, ಒತ್ತಿಕೊಂಡಿರುತ್ತದೆ. ನಿಯಾಂಡರ್ತಾಲರಲ್ಲಿ ಮುಖದ ನಡುಭಾಗವೂ ಹಲ್ಲಿನ ಸಾಲೂ ಮುಂದಕ್ಕೆ ಸರಿದಿರುವುದರಿಂದ, ಕೊನೆಯ ಹಲ್ಲಿಗೂ ಏರುಭಾಗಕ್ಕೂ ನಡುವೆ ಸಂದು ಕಾಣುತ್ತದೆ. ನನ್ನ ಮಟ್ಟಿಗೆ ಇದೇ ಅತ್ಯಂತ ಉಪಯುಕ್ತ ಗುರುತು. ಹೊರಮೈಯಲ್ಲಿ ನರ ಹೊರಬರುವ ರಂಧ್ರವೂ ನಮ್ಮಲ್ಲಿ ಮುಂದವಡೆ ಹಲ್ಲಿನ (ಕೋರೆಹಲ್ಲಿನ ಹಿಂದಿರುವ ಚಿಕ್ಕ ದವಡೆಹಲ್ಲಿನ) ಕೆಳಗಿದ್ದರೆ, ಅವರಲ್ಲಿ ಹೆಚ್ಚಾಗಿ ಮೊದಲ ದವಡೆಹಲ್ಲಿನ ಕೆಳಗಿರುತ್ತದೆ.

ಈಗ ಕಾಲವನ್ನು ಸೇರಿಸಿ ನೋಡಿರಿ. ಸ್ಪೇನಿನ ಅಟಪುಯೆರ್ಕಾದ ‘ಸಿಮಾ ದೆ ಲೋಸ್ ಉಯೆಸೋಸ್’ ಗುಂಡಿಯಲ್ಲಿ ದೊರೆತ, ಸುಮಾರು 4,30,000 ವರ್ಷ ಹಿಂದಿನವರ ದವಡೆ ಮತ್ತು ಹಲ್ಲುಗಳು ಆಗಲೇ ನಿಯಾಂಡರ್ತಾಲರದನ್ನು ಹೋಲುತ್ತವೆ, ಮಿದುಳಿನ ಚಿಪ್ಪು ಇನ್ನೂ ಅಷ್ಟು ಹೋಲುವುದಿಲ್ಲ. ಎಂದರೆ ಮಾರ್ಪಾಡು ಅಗಿಯುವ ಭಾಗದಲ್ಲಿ ಮೊದಲಾಗಿ, ತಲೆಬುರುಡೆಗೆ ತಡವಾಗಿ ತಲುಪಿದೆ. 2016ರಲ್ಲಿ ಪ್ರಕಟವಾದ ಡಿಎನ್‌ಎ ವಿಶ್ಲೇಷಣೆಯೂ ಅವರನ್ನು ನಿಯಾಂಡರ್ತಾಲರ ಕವಲಿಗೇ ಸೇರಿಸಿತು.

ಬರೆದಿಡುವಾಗ ಪ್ರತಿ ಗುರುತಿನ ಮುಂದೆ ‘ಇದೆ’, ‘ಇಲ್ಲ’, ‘ಮುರಿದಿದೆ’ ಎಂಬ ಮೂರು ಅಂಕಣಗಳಿರಲಿ. ಏರುಭಾಗವೇ ಮುರಿದುಹೋದ ತುಣುಕಿನಲ್ಲಿ ಸಂದು ‘ಇಲ್ಲ’ ಎಂದು ಬರೆಯುವುದು ಹೊಸಬರು ಮಾಡುವ ತಪ್ಪು.