120 ಸಿಸ್ಟಮ್ ಲ್ಯಾಬಿಗೆ ಕೊನೆಗೂ ಕಪ್ಸೇ ಸಾಕಾಯ್ತು: ನನ್ನ ಅನುಭವ

ಮೈಸೂರಲ್ಲಿ ನಮ್ಮ ಕಾಲೇಜಿನ ದೊಡ್ಡ ಲ್ಯಾಬಲ್ಲಿ 120 ಸಿಸ್ಟಮ್ಮು, ಅರ್ಧ ವಿಂಡೋಸು ಅರ್ಧ ಉಬುಂಟು, ಪ್ರಿಂಟರ್ ಮೂರೇ. ಲ್ಯಾಬ್ ಎಕ್ಸಾಮ್ ಹತ್ರ ಬಂತು ಅಂದ್ರೆ ರೆಕಾರ್ಡ್ ಪ್ರಿಂಟಿಗೆ ಜಾತ್ರೆ. ಯಾರು ಎಷ್ಟು ಪೇಜ್ ತಗೋತಾರೆ ಅಂತ ಲೆಕ್ಕ ಇಡೋಕೆ ಕಪ್ಸ್ (ಲಿನಕ್ಸಲ್ಲಿ ಪ್ರಿಂಟ್ ಜಾಬ್‌ಗಳನ್ನ ನೋಡ್ಕೊಳ್ಳೋ ಪ್ರಿಂಟ್ ಸರ್ವರ್) ಹಾಕ್ತೀನಿ ಅಂದಾಗ ಎಚ್‌ಒಡಿ ಮೇಡಂ "ಫ್ರೀ ಸಾಫ್ಟ್‌ವೇರು, ಎಕ್ಸಾಮ್ ದಿನ ಕೈ ಕೊಟ್ರೆ ಯಾರನ್ನ ಕೇಳೋಣ?" ಅಂದ್ರು. ದುಡ್ಡು ಕೊಟ್ಟು ತಗೊಳ್ಳೋ ಸಾಫ್ಟ್‌ವೇರಿಗೆ ಏಜೆನ್ಸಿಯವ್ರು ಕೊಟ್ಟಿದ್ದ ಕೊಟೇಶನ್ನು ಹತ್ರತ್ರ 90 ಸಾವಿರ, ಅದರ ಮೇಲೆ ವರ್ಷವರ್ಷ ರಿನೀವಲ್ಲು. ನಾನು ಮೂಲೇಲಿ ಬಿದ್ದಿದ್ದ ಹಳೇ ಐ3 ಮೆಷಿನ್ನಿಗೆ 2,000 ಚಿಲ್ರೆ ಕೊಟ್ಟು ಎಸ್ಎಸ್‌ಡಿ ಹಾಕ್ದೆ, ಖರ್ಚು ಅಷ್ಟೇ.

ಮೊದಲ ಸೆಮ್ ಪೂರ್ತಿ ಹಾಳು. ರಾ ಕ್ಯೂ (ಬಂದ ಜಾಬನ್ನ ಕಪ್ಸ್ ಮುಟ್ಟದೆ ಹಾಗೇ ಪ್ರಿಂಟರಿಗೆ ದಾಟಿಸೋದು) ಮಾಡಿ, ವಿಂಡೋಸ್ ಸಿಸ್ಟಮ್ಮಿಗೆ ಪ್ರಿಂಟರ್ ಹಂಚೋ ಸಾಂಬಾದಲ್ಲಿ ಶೇರ್ ಕೊಟ್ಟಿದ್ದೆ, 2021ರಲ್ಲಿ ವಿಂಡೋಸ್ ಪ್ರಿಂಟಿಂಗಲ್ಲಿ ಸಿಕ್ಕ ಸೆಕ್ಯೂರಿಟಿ ತೂತು ಪ್ರಿಂಟ್‌ನೈಟ್‌ಮೇರ್ ಆದ್ಮೇಲೆ ಬಂದ ಅಪ್ಡೇಟಿಂದ ವಿಂಡೋಸು ಡ್ರೈವರ್ ಹಾಕೋಕೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ, 60 ಸಿಸ್ಟಮ್ಮಿಗೂ ಓಡಾಡ್ದೆ. ಅದೂ ಹೋಗ್ಲಿ, ಪೇಜ್ ಲಾಗ್ ತೆಗೆದು ನೋಡಿದ್ರೆ ಒಬ್ಬ ಹುಡುಗ 38 ಪೇಜ್ ರೆಕಾರ್ಡ್ ತಗೊಂಡಿದಾನೆ, ಲಾಗಲ್ಲಿ ಬರೀ 1! ರಾ ಕ್ಯೂನಲ್ಲಿ ಕಪ್ಸ್ ಪೇಜ್ ಎಣಿಸೋದೇ ಇಲ್ಲ, ಕೋಟಾ ಹಾಕಿ ಏನು ಪ್ರಯೋಜನ. ಸಾಂಬಾ, ರಾ ಕ್ಯೂ ಎರಡೂ ಕಿತ್ತುಹಾಕಿ, ವಿಂಡೋಸಿಂದ ನೇರ ಐಪಿಪಿಲಿ (ನೆಟ್‌ವರ್ಕಲ್ಲಿ ಪ್ರಿಂಟ್ ಕಳಿಸೋ ಪ್ರೋಟೋಕಾಲ್) 631 ಪೋರ್ಟಿಗೆ, ಜೆನೆರಿಕ್ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಹಾಕಿ ಕಳಿಸ್ದೆ, ಲೆಕ್ಕ ಸರಿಹೋಯ್ತು.

ಇನ್ನೊಂದು, ಎರರ್ ಪಾಲಿಸಿ, ಅಂದ್ರೆ ಜಾಬ್ ಫೇಲಾದ್ರೆ ಏನು ಮಾಡ್ಬೇಕು ಅನ್ನೋ ಕಪ್ಸ್ ಸೆಟ್ಟಿಂಗು. ಡೀಫಾಲ್ಟು ಸ್ಟಾಪ್-ಪ್ರಿಂಟರ್, ಒಂದು ಜಾಬ್ ಫೇಲಾದ್ರೆ ಕ್ಯೂನೇ ನಿಂತೋಗುತ್ತೆ. ಎಕ್ಸಾಮ್ ದಿನ ಬೆಳಿಗ್ಗೆ ಹಿಂಗೇ ಆಗಿ ಮೇಡಂ ಮುಂದೆ ತಲೆ ತಗ್ಗಿಸ್ಬೇಕಾಯ್ತು. ರಿಟ್ರೈ-ಜಾಬ್ (ಫೇಲಾದ ಜಾಬನ್ನ ಆಮೇಲೆ ಮತ್ತೆ ಕಳಿಸೋದು) ಮಾಡಿದ್ಮೇಲೆ ಆ ಕಾಟ ಇಲ್ಲ.

ಮಧ್ಯದಲ್ಲಿ ಐ3 ಬದಲು ರಾಸ್‌ಬೆರಿ ಪೈ ಅನ್ನೋ ಪುಟಾಣಿ ಕಂಪ್ಯೂಟರಲ್ಲೂ ನೋಡ್ದೆ, ಫೋಟೋ ತುಂಬಿರೋ ಪಿಡಿಎಫ್ ಬಂದ್ರೆ ಒಂದೊಂದು ಪೇಜಿಗೂ ನಿಮಿಷಗಟ್ಲೆ. ಪ್ರಿಂಟ್ ಲೆಕ್ಕ ಇಡೋ ಇನ್ನೊಂದು ಸಾಫ್ಟ್‌ವೇರ್ ಸಾವಾಪೇಜ್ ಚೆನ್ನಾಗಿದೆ, ನಮಗೆ ಅಷ್ಟೊಂದು ಬೇಡ.

ಕೋಟಾ ಒಬ್ಬೊಬ್ಬರಿಗೆ ವಾರಕ್ಕೆ 20 ಪೇಜು. ಪೀರಿಯಡ್ಡು ಸೆಕೆಂಡಲ್ಲಿ ಕೊಡಬೇಕು, 604800. ಎಲ್ಲಾ ಸಿಸ್ಟಮ್ಮಲ್ಲೂ ಒಂದೇ 'ಸ್ಟೂಡೆಂಟ್' ಲಾಗಿನ್ ಇದ್ರೆ ಇದು ಆಗಲ್ಲ, ನಾನು ಒಬ್ಬೊಬ್ಬರಿಗೂ ಅವರವರ ಯುಎಸ್ಎನ್ (ಯೂನಿವರ್ಸಿಟಿ ಸೀಟ್ ನಂಬರ್) ಲಾಗಿನ್ ಮಾಡ್ಕೊಂಡೆ. ಬೇರೆಯವರ ಯುಎಸ್ಎನ್ ಹಾಕಿ ಕಳಿಸೋರನ್ನ ಹಿಡಿಯೋ ಉಪಾಯ ಒಂದಿದೆ, ಇಲ್ಲಿ ಬರೆಯಲ್ಲ, ಹುಡುಗರೂ ಓದ್ತಾರೆ.

ಮುಂಚೆ ಸೆಮ್ಮಿಗೆ 40 ರೀಮ್ ಹತ್ರ ಹೋಗ್ತಿತ್ತು, ಈಗ 22-23. ಟೋನರ್ ರೀಫಿಲ್ಲೂ ಅರ್ಧಕ್ಕಿಳಿದಿದೆ. ಮೊನ್ನೆ ಮೇಡಮ್ಮೇ ಮೆಕ್ಯಾನಿಕಲ್‌ನವ್ರನ್ನ ಕರ್ಕೊಂಡು ಬಂದು ತೋರಿಸಿದ್ರು, ಅವ್ರ ಕ್ಯಾಡ್ ಲ್ಯಾಬಿಗೂ ಹಾಕ್ಕೊಡ್ಬೇಕಂತೆ. ಅಲ್ಲಿ ಎ3 ಶೀಟು, ಒಂದು ಡ್ರಾಯಿಂಗನ್ನ ಕೋಟಾದಲ್ಲಿ ಎಷ್ಟು ಪೇಜ್ ಅಂತ ಹಿಡಿಯೋದು, ಈ ಭಾನುವಾರ ಕೂತು ನೋಡ್ತೀನಿ.